ಕೆಎಲ್‌ನಲ್ಲಿ ಮನೆ ಹುಡುಕ್ತಿದ್ದೀನಿ, ಮೊದಲನೇ ಪ್ರಶ್ನೆಯೇ "ಯಾವ ರೇಸ್?"

ಹೊಸಬ_ಕೆಎಲ್

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಕ್ವಾಲಾಲಂಪುರಕ್ಕೆ ಬಂದು ಐದು ವಾರ ಆಯ್ತು. ಕಂಪನಿ ಕೊಟ್ಟಿರೋ ಮನೆ ಈ ತಿಂಗಳ ಕೊನೆಗೆ ಬಿಡಬೇಕು. ಹೆಂಡತಿ, ಮಗಳು ಮುಂದಿನ ತಿಂಗಳು ಬರ್ತಾರೆ. ಜಾಹೀರಾತು ನೋಡಿ ಹನ್ನೊಂದು ಕಡೆ ವಾಟ್ಸಾಪ್ ಮಾಡಿದೆ. ಏಳು ಕಡೆಯಿಂದ ಬಂದ ಮೊದಲ ಉತ್ತರ ಒಂದೇ: "ಹಾಯ್ ಸರ್, ವಿಚ್ ರೇಸ್?" ಸಂಬಳ ಎಷ್ಟು, ಎಷ್ಟು ಜನ ಇರ್ತೀರಿ, ಇದ್ಯಾವುದೂ ಕೇಳಲಿಲ್ಲ. ಇಂಡಿಯನ್ ಅಂದೆ. ನಾಲ್ಕು ಕಡೆ ಎರಡು ನೀಲಿ ಗೆರೆ ಬಿತ್ತು, ಮಾತು ಅಲ್ಲಿಗೇ ನಿಂತಿತು. ಒಬ್ಬ ಏಜೆಂಟ್ ಮಾತ್ರ "ಓನರ್ ಚೈನೀಸ್ ಪ್ರಿಫರ್, ಸಾರಿ ಯಾ ಬಾಸ್" ಅಂತ ಬರೆದ. ಅವನ ಮೇಲೆ ಕೋಪ ಬರಲಿಲ್ಲ, ಉತ್ತರನಾದ್ರೂ ಕೊಟ್ಟನಲ್ಲ.

ತಲೆ ಕೆಡಿಸಿದ್ದು ಇದೊಂದೇ ಅಲ್ಲ. ನಮ್ಮ ಟೀಮಿನಲ್ಲಿ ಮಲಯ್ ಇದ್ದಾರೆ, ಚೀನೀ ಇದ್ದಾರೆ, ತಮಿಳಿನವರಿದ್ದಾರೆ, ಬೋರ್ನಿಯೊ ಕಡೆಯ ಸಬಾ ರಾಜ್ಯದಿಂದ ಬಂದ ಕಡಜಾನ್ ಬುಡಕಟ್ಟಿನ ಹುಡುಗಿ ಇದ್ದಾಳೆ. ಮಧ್ಯಾಹ್ನ ಒಂದೇ ಟೇಬಲ್. ಒಂದು ವಾಕ್ಯದಲ್ಲಿ ಮೂರು ಭಾಷೆ, ಕೊನೆಗೊಂದು "ಲಾ". ಇಷ್ಟು ಸಲೀಸಾಗಿ ಬೆರೆಯೋ ಜನ ಸಂಜೆ ಮನೆಗೆ ಹೋಗಿ ಜಾಹೀರಾತಿನಲ್ಲಿ "ಇಂಥವರಿಗೆ ಮಾತ್ರ" ಅಂತ ಹಾಕ್ತಾರಾ? ಇದರಲ್ಲಿ ಯಾವುದು ನಿಜ? ಇಲ್ಲಿ ತುಂಬಾ ವರ್ಷ ಇರೋರು ಸ್ವಲ್ಪ ಬಿಡಿಸಿ ಹೇಳಿ.

ಕ್ಲಾಂಗ್_ಕಣಿವೆ

ಎರಡೂ ನಿಜ ಸಾರ್. ನಾನು ಬಂದು ಹದಿನಾರು ವರ್ಷ, ಐದನೇ ಮನೆ ಇದು. ಬೇಜಾರಾಗೋದು ಸಹಜ.

ರೇಸ್ ಅನ್ನೋದು ಇಲ್ಲಿ ಬೈಗುಳವೂ ಅಲ್ಲ, ಪಿಸುಮಾತೂ ಅಲ್ಲ. ಅದೊಂದು ಕಾಲಂ. ಸ್ಕೂಲ್ ಫಾರ್ಮು, ಬ್ಯಾಂಕ್ ಫಾರ್ಮು, ಎಲ್ಲ ಕಡೆ "ಬಂಗ್ಸಾ" ಅಂತ ಒಂದು ಜಾಗ ಇರುತ್ತೆ, ಅಲ್ಲಿ ಮಲಯ್, ಚೀನಾ, ಇಂಡಿಯಾ, ಲೈನ್-ಲೈನ್. ಲೈನ್-ಲೈನ್ ಅಂದ್ರೆ ಇತರೆ. 2020ರ ಜನಗಣತಿ ಪ್ರಕಾರ ದೇಶದಲ್ಲಿ 3.24 ಕೋಟಿ ಜನ. ಪ್ರಜೆಗಳಲ್ಲಿ ಭೂಮಿಪುತ್ರರು, ಅಂದ್ರೆ ಮಲಯರು ಮತ್ತು ಇಲ್ಲಿನ ಮೂಲನಿವಾಸಿಗಳು, 69.4%, ಚೀನೀಯರು 23.2%, ಭಾರತೀಯರು 6.7%. ಈ ಮೂರು ಅಂಕಿ ಇಲ್ಲಿ ಎಲ್ಲರಿಗೂ ಬಾಯಿಪಾಠ. ನಮ್ಮಲ್ಲಿ ಊರು ಯಾವುದು ಅಂತ ಕೇಳಿ ಜಾತಿ ತಿಳ್ಕೋತಾರಲ್ಲ, ಆ ಸುತ್ತುಬಳಸು ಇಲ್ಲಿಲ್ಲ.

ಬ್ರಿಟಿಷರ ಕಾಲದಲ್ಲಿ ಕೆಲಸವೇ ಹಾಗೆ ಹಂಚಿಹೋಗಿತ್ತು. ಗದ್ದೆ, ಮೀನುಗಾರಿಕೆ ಮಲಯರದು. ತವರದ ಗಣಿ, ಅಂಗಡಿ ಚೀನೀಯರದು. ರಬ್ಬರ್ ತೋಟ ತಮಿಳರದು. 1957ರಲ್ಲಿ ಸ್ವಾತಂತ್ರ್ಯ ಬಂದಾಗಲೂ ಅದೇ ನಕ್ಷೆ. 1969ರ ಮೇ 13ರಂದು ಕೆಎಲ್‌ನಲ್ಲಿ ಗಲಭೆ ಆಯ್ತು, ಸರ್ಕಾರಿ ಲೆಕ್ಕದಲ್ಲೇ 196 ಜನ ಸತ್ತರು. ಈಗಲೂ ಹಿರಿಯರು "ಮೇ ತರ್ಟೀನ್" ಅನ್ನುವಾಗ ದನಿ ತಗ್ಗಿಸ್ತಾರೆ. ಅದಾದ ಮೇಲೆ 1971ರಲ್ಲಿ ಹೊಸ ಆರ್ಥಿಕ ನೀತಿ ಬಂತು. ಬಡತನ ಯಾರದ್ದಾದರೂ ಹೋಗಬೇಕು, ಇಂಥ ಜನಾಂಗಕ್ಕೆ ಇಂಥ ಕೆಲಸ ಅನ್ನೋದು ಅಳಿಯಬೇಕು ಅಂತ ಎರಡು ಗುರಿ. ಇಪ್ಪತ್ತು ವರ್ಷದಲ್ಲಿ ಕಂಪನಿಗಳ ಬಂಡವಾಳದಲ್ಲಿ 30% ಭೂಮಿಪುತ್ರರ ಕೈಲಿರಬೇಕು ಅಂತ ಲೆಕ್ಕವನ್ನೂ ಹಾಕಿದರು. ಮೊದಲನೇ ಗುರಿ ಬಹಳ ಮಟ್ಟಿಗೆ ಗೆದ್ದಿದೆ, ಅದನ್ನ ಒಪ್ಪಲೇಬೇಕು. ಎರಡನೇದಕ್ಕೆ ಲೆಕ್ಕ ಇಡೋಕೆ ಕಾಲಂ ಬೇಕಾಯ್ತು. ಆ ಕಾಲಂ ಅಲ್ಲೇ ಉಳೀತು.

ಆದ್ರೆ ಮನೆ ಬಾಡಿಗೆಗೂ ಸರ್ಕಾರಕ್ಕೂ ಸಂಬಂಧ ಇಲ್ಲ, ಅದು ಓನರ್ ಮರ್ಜಿ. ಸಂವಿಧಾನದ 8ನೇ ವಿಧಿ ಸಮಾನತೆ ಹೇಳುತ್ತೆ, ಖಾಸಗಿ ಮನೆ ಮಾಲೀಕನ ಬಾಗಿಲವರೆಗೆ ಅದು ಬರಲ್ಲ. ಮನೆ ಬಾಡಿಗೆಗೇ ಒಂದು ಕಾಯ್ದೆ ತರ್ತೀವಿ ಅಂತ ವರ್ಷಗಳಿಂದ ಮಾತು ನಡೀತಾನೇ ಇದೆ.

ಧಾರವಾಡ_ಪೇಡಾ

ಭೂಮಿಪುತ್ರ ಅಂದಕೂಡ್ಲೆ ನಮ್ಮ ಕಿವಿ ನೆಟ್ಟಗಾಗ್ತಾವ ನೋಡ್ರಿ. ನಾ ಬಂದ ಹೊಸದಾಗಿ ಬ್ಯಾಂಕಿನ ಬೋರ್ಡ್ ಓದಿದವನ ಹಂಗ ನಿಂತ್ಬಿಟ್ಟಿದ್ದೆ. ಬುಮಿಪುತೆರಾ. ನಮ್ಮ ಮಣ್ಣಿನ ಮಗ ಇಲ್ಲೆ ಬಂದು ಸರ್ಕಾರಿ ಶಬ್ದ ಆಗಿ ಕೂತಾನ!

ಮಲಯ್ ಭಾಷಾ ಕಲೀರಿ ಅಂತ ಎಲ್ಲಾರಿಗೂ ಹೇಳ್ತೀನಿ. ಅರ್ಧ ನಮಗ ಗೊತ್ತಿದ್ದದ್ದ ಐತಿ. ಬಹಾಸಾ ಅಂದ್ರ ಭಾಷಾ. ಮೆಂತೆರಿ ಅಂದ್ರ ಮಂತ್ರಿ. ಸುವಾಮಿ ಅಂದ್ರ ಗಂಡ, ಇಸ್ತೆರಿ ಅಂದ್ರ ಹೆಂಡ್ತಿ. ನೆರಾಕಾ ನರಕ. ಪುವಾಸಾ ಉಪವಾಸ. ಮ್ಯಾಲೆ ಅವರು ಹೇಳಿದ ಬಂಗ್ಸಾ ಐತಲ್ಲ, ಅದು ನಮ್ಮ ವಂಶ ರೀ. ಚಿಂತಾ ಮಾತ್ರ ಇಲ್ಲೆ ಪ್ರೀತಿ ಆಗೇತಿ, ಲಗ್ನ ಆದವರು ಇದರಾಗ ತಪ್ಪು ಹುಡುಕೂದಿಲ್ಲ ಅನ್ಕೊಂಡೀನಿ.

ಒಂದು ಎಚ್ಚರಿಕಿ: ದೋಸಾ ಅಂದ್ರ ಇಲ್ಲೆ ಪಾಪ. ಮೊದಲನೇ ವಾರ ಆಫೀಸಿನ್ಯಾಗ "ಮುಂಜಾನೆ ನಾಲ್ಕು ದೋಸಾ ತಿಂದೆ" ಅಂದಿದ್ದೆ. ಬಾಜೂಕಿನ ಮಲಯ್ ಹುಡುಗ ನಕ್ಕು ನಕ್ಕು ಸುಸ್ತಾದ. ಇಲ್ಲೆ ತೋಸೈ ಅನ್ಬೇಕ್ರಿ.

ಹೊಸಬ_ಕೆಎಲ್

😂 ಧನ್ಯವಾದ. ನಾಲ್ಕು ಪಾಪ ತಿಂದು ಆಫೀಸಿಗೆ ಬಂದೆ ಅಂತ ನಾಳೆ ನಾನೂ ಹೇಳಿ ನೋಡ್ತೀನಿ.

ಕರಾವಳಿ_ಮಾಣಿ

ನಾನು ಪೆನಾಂಗಿನಲ್ಲಿ, ಬಯಾನ್ ಲೆಪಾಸ್ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ಮನೆಗೆ ಬಾಡಿಗೆ ಕೇಳುವಾಗ ಕಷ್ಟ ಆದದ್ದು ಹೌದು, ಸುಳ್ಳು ಹೇಳುದಿಲ್ಲ. ಆದರೆ ನೀವು ಕೇಳಿದ ಆ ಒಂದೇ ಟೇಬಲ್ಲಿನ ವಿಷಯ ಉಂಟಲ್ಲ, ಅದಕ್ಕೆ ಮಾಮಾಕ್ ಅಂಗಡಿಗೆ ಹೋಗಿ ಕೂರಬೇಕು ಮಾರಾಯ್ರೆ. ತಮಿಳು ಮುಸ್ಲಿಮರ ಹೋಟೆಲು. ಹಲಾಲ್, ಹಾಗಾಗಿ ಮಲಯ್‌ನವರು ಬರ್ತಾರೆ. ಸಾರು, ಪರೋಟ ನಮ್ಮ ಬಾಯಿಗೆ ಹೊಂದುತ್ತದೆ. ಚೀನೀಯವರಿಗೆ ರಾತ್ರಿ ಎರಡು ಗಂಟೆಗೆ ಫುಟ್‌ಬಾಲ್ ನೋಡ್ಲಿಕ್ಕೆ ದೊಡ್ಡ ಪರದೆ ಬೇಕು, ಅದೂ ಉಂಟು. ಬಹಳಷ್ಟು ಕಡೆ ಇಪ್ಪತ್ನಾಲ್ಕು ಗಂಟೆಯೂ ತೆರೆದೇ ಇರ್ತದೆ. ಯಾವ ಸರ್ಕಾರವೂ ಸಮಿತಿ ಮಾಡಿ ಇದನ್ನು ಕಟ್ಟಿದ್ದಲ್ಲ.

ಚಾ ಕೇಳುದೇ ಒಂದು ವಿದ್ಯೆ. ತೆಹ್ ತಾರಿಕ್ ಅಂದ್ರೆ ಎಳೆದ ಚಾ: ಎರಡು ಮಗ್ಗು ಹಿಡ್ಕೊಂಡು ಒಂದರಿಂದ ಇನ್ನೊಂದಕ್ಕೆ ಉದ್ದಕ್ಕೆ ಸುರೀತಾನೆ, ಮೇಲೆ ನೊರೆ ಬರುವವರೆಗೆ. ತೆಹ್ ಓ ಅಂದ್ರೆ ಹಾಲಿಲ್ಲ. ತೆಹ್ ಓ ಕೋಸಾಂಗ್ ಅಂದ್ರೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಕೋಸಾಂಗ್ ಅಂದ್ರೆ ಖಾಲಿ, ಸೊನ್ನೆಗೂ ಅದೇ ಶಬ್ದ, ಫೋನ್ ನಂಬರ್ ಹೇಳುವಾಗಲೂ ಅದೇ. ಕಟ್ಟಿಸಿಕೊಂಡು ಹೋಗುದಾದ್ರೆ ಚಾವನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹೊಯ್ದು ಕೊಡ್ತಾರೆ. ಆಗ ಕೇಳ್ತಾನೆ: "ಇಕಾತ್ ತೆಪಿ? ಇಕಾತ್ ಮಾತಿ?" ಬದಿಯಲ್ಲಿ ಕಟ್ಟಲಾ, ಸತ್ತ ಗಂಟು ಹಾಕಲಾ ಅಂತ. ಬದಿಗೆ ಕಟ್ಟಿದರೆ ಸ್ಟ್ರಾ ಹಾಕಿ ದಾರಿಯಲ್ಲೇ ಕುಡೀಬಹುದು, ಸತ್ತ ಗಂಟಾದ್ರೆ ಮನೆಗೆ ಹೋಗಿ ಕತ್ತರಿ ಹುಡುಕಬೇಕು. ನಾನು ಮೊದಲನೇ ದಿವಸ ಅರ್ಥ ಆಗದೆ "ಮಾತಿ, ಮಾತಿ" ಅಂದು ಸ್ಕೂಟರಿನಲ್ಲಿ ಬಿಸಿ ಚಾ ನೇತಾಡಿಸಿಕೊಂಡು ಮನೆವರೆಗೂ ಬಂದಿದ್ದೆ.

ಜಾರ್ಜ್‌ಟೌನಿಗೆ ಬಂದ್ರೆ ಹೇಳಿ. ಕಪಿತಾನ್ ಕೆಲಿಂಗ್ ಮಸೀದಿ ಇರುವ ಬೀದಿಯಲ್ಲೇ ನಡ್ಕೊಂಡು ಹೋಗುವ ದೂರಕ್ಕೆ ಇಗರ್ಜಿ, ಕುವಾನ್ ಯಿನ್ ಗುಡಿ ಉಂಟು, ಅಲ್ಲೇ ಹಿಂದಿನ ಬೀದಿಗೆ ಬಾಗಿಲು ಮಾಡಿದ ಮಾರಿಯಮ್ಮನ ದೇವಸ್ಥಾನವೂ ಉಂಟು.

ನೇರ_ಮಾತು

ಕ್ಷಮಿಸಿ, ಚಹಾದ ಕತೆ ಚೆನ್ನಾಗಿದೆ, ಆದರೆ ಪ್ರವಾಸೋದ್ಯಮ ಇಲಾಖೆಯ ಜಾಹೀರಾತು ಓದಿದಂತಾಯ್ತು. ಮನೆ ಸಿಗದವನಿಗೆ ಚಹಾ ಕುಡಿ ಅಂತ ಹೇಳಿದರೆ ಹೇಗೆ?

ಪಿಯುಸಿಗೆ ಸಮ ಅನ್ನಬಹುದಾದ ಮೆಟ್ರಿಕ್ಯುಲೇಷನ್ ಕಾಲೇಜುಗಳಲ್ಲಿ 90% ಸೀಟು ಭೂಮಿಪುತ್ರರಿಗೆ. ಉಳಿದವರೆಲ್ಲ ಸೇರಿ 10%ಕ್ಕೆ ಬಡಿದಾಡಬೇಕು. ಹೊಸ ಮನೆ ಕೊಳ್ಳುವಾಗಲೂ ಅವರಿಗೆ ರಿಯಾಯಿತಿ. ನನ್ನ ಸಹೋದ್ಯೋಗಿಯ ಮಗಳು, ಮೂರನೇ ತಲೆಮಾರಿನ ಮಲೇಷ್ಯನ್, ಹತ್ತರಲ್ಲಿ ಹತ್ತೂ ಎ ತೆಗೆದವಳು, ಈಗ ಆಸ್ಟ್ರೇಲಿಯಾದಲ್ಲಿದ್ದಾಳೆ. ವಾಪಸ್ ಬರಲ್ಲ ಅಂತ ಆಗಲೇ ಹೇಳಿಯಾಗಿದೆ. ಅವಳ ಅಪ್ಪ ಇದನ್ನ ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರುತ್ತೆ ಅಂದ ಹಾಗೆ ಹೇಳಿದ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಮಲಯ್, ಚೀನಾ, ಇಂಡಿಯಾ ಅಂತ ಮೂರು ಹೆಸರು ಜಪಿಸ್ತೀರಲ್ಲ, ಈ ಕಟ್ಟಡಗಳನ್ನ ಕಟ್ಟಿದವರು ಯಾವ ಕಾಲಂನಲ್ಲಿ ಬರ್ತಾರೆ? ಇಂಡೋನೇಷ್ಯಾದವರು, ಬಾಂಗ್ಲಾದವರು. ನಿಮ್ಮ ಮಾಮಾಕ್ ಅಂಗಡಿಯಲ್ಲಿ ತಟ್ಟೆ ಎತ್ತುವ ಹುಡುಗ ಎಲ್ಲಿಯವನು ಅಂತ ಕೇಳಿದ್ದೀರಾ? ನಮ್ಮ ಕಾಂಡೋ ಗೇಟಿನಲ್ಲಿ ನೇಪಾಳಿ ಗಾರ್ಡ್ ಇದ್ದಾನೆ. ರಾತ್ರಿ ಪಾಳಿಯಲ್ಲಿ ಹಿಂದಿಯಲ್ಲಿ ಮಾತಾಡ್ತೀವಿ. ಪಾಸ್‌ಪೋರ್ಟ್ ಎಲ್ಲಪ್ಪಾ ಅಂದರೆ "ಆಫೀಸ್‌ನಲ್ಲಿ ಇಟ್ಕೊಂಡಿದ್ದಾರೆ ಸರ್" ಅಂತಾನೆ. ನಾನೂ ವೀಸಾ ಮೇಲೆ ಬಂದವನು, ಅವನೂ ವೀಸಾ ಮೇಲೆ ಬಂದವನು. ನನ್ನನ್ನ ಎಕ್ಸ್‌ಪ್ಯಾಟ್ ಅಂತಾರೆ, ಅವನನ್ನ ಫಾರಿನ್ ವರ್ಕರ್ ಅಂತಾರೆ.

ಕ್ಲಾಂಗ್_ಕಣಿವೆ

ಒಪ್ಪಿದೆ. ಪಾಸ್‌ಪೋರ್ಟ್ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ, ಆದ್ರೂ ನಡೀತಿದೆ. ಕಾಲಂನಲ್ಲಿ ಇರೋದು ಕಷ್ಟ ಅಂತ ನಾವು ಮಾತಾಡ್ತಿದ್ದೀವಿ, ಕಾಲಂನಲ್ಲೇ ಇಲ್ಲದವರ ಕಷ್ಟ ಬೇರೆ.

ಇಪೋ_ಸೊಸೆ

ನಾನು ಇಲ್ಲಿ ಓದೋದು ಹೆಚ್ಚು, ಬರೆಯೋದು ಕಡಿಮೆ. ಹಾಸನದ ಕಡೆಯವಳು, ಮದುವೆಯಾಗಿ ಇಪೋಗೆ ಬಂದೆ. ನನ್ನ ಗಂಡನ ಮನೆಯವರು ನಾಲ್ಕು ತಲೆಮಾರಿನಿಂದ ಮಲೇಷ್ಯಾದ ತಮಿಳರು. ಹಾಗಾಗಿ "ಇಂಡಿಯನ್" ಅನ್ನೋ ಕಾಲಂ ಒಳಗಿನಿಂದ ಹೇಗೆ ಕಾಣುತ್ತೆ ಅಂತ ಸ್ವಲ್ಪ ಗೊತ್ತು.

ನಮ್ಮತ್ತೆ ಹುಟ್ಟಿದ್ದು ರಬ್ಬರ್ ಎಸ್ಟೇಟಿನ ಲೈನ್ ಮನೆಯಲ್ಲಿ. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಮರ ಕೊರೆಯೋಕೆ ಹೋಗ್ತಿದ್ದರಂತೆ, ಬಿಸಿಲೇರಿದರೆ ಹಾಲು ಇಳಿಯಲ್ಲ ಅಂತ. ಎಸ್ಟೇಟಿನೊಳಗೇ ತಮಿಳು ಶಾಲೆ, ಗುಡಿ, ಹೆಂಡದಂಗಡಿ. ಹೊರಗೆ ಹೋಗೋ ಅಗತ್ಯವೇ ಇರಲಿಲ್ಲ. ದಾರಿಯೂ ಇರಲಿಲ್ಲ ಅನ್ನಿ. ಆಮೇಲೆ ರಬ್ಬರ್ ಹೋಗಿ ತಾಳೆ ಬಂತು, ತಾಳೆ ಹೋಗಿ ಟೌನ್‌ಶಿಪ್ ಬಂತು. ನೀವೆಲ್ಲ ಹೊಗಳೋ ಪುತ್ರಾಜಯ ಇದೆಯಲ್ಲ, ಕೆರೆ, ಸೇತುವೆ, ಗುಲಾಬಿ ಬಣ್ಣದ ಮಸೀದಿ, ಅದು ಪ್ರಾಂಗ್ ಬೆಸಾರ್ ಅನ್ನೋ ತೋಟ ಆಗಿತ್ತು. 1999ರಲ್ಲಿ ಸರ್ಕಾರಿ ಕಚೇರಿಗಳು ಅಲ್ಲಿಗೆ ಬಂದವು. ತೋಟದಲ್ಲಿದ್ದವರನ್ನ ದೆಂಗ್ಕಿಲ್‌ನ ಫ್ಲಾಟುಗಳಿಗೆ ಕಳಿಸಿದರು. ಆ ಗೋಡೆಗಳ ಬಿರುಕಿನ ಸುದ್ದಿ ಎಷ್ಟು ವರ್ಷ ತಮಿಳು ಪತ್ರಿಕೆಯಲ್ಲಿ ಬಂತು ಅಂತ ಅತ್ತೆಯೇ ಹೇಳ್ತಾರೆ. ಎಸ್ಟೇಟ್ ಬಿಟ್ಟವರ ಕೈಗೆ ನಗರದ ಕಸುಬು ಯಾವುದೂ ಇರಲಿಲ್ಲ. ಬಾಡಿಗೆ ಕೊಡಲ್ಲ ಅನ್ನೋ ಓನರ್ ಮನಸ್ಸಿನಲ್ಲಿರೋ "ಇಂಡಿಯನ್" ಬಹಳ ಸಲ ಇವರೇ, ನೀವಲ್ಲ. ನಿಮ್ಮ ಕಂಪನಿ ಹೆಸರು ಹೇಳಿದರೆ ಬಾಗಿಲು ತೆಗೀತಾರೆ. ಇವರಿಗೆ ಹೇಳೋಕೆ ಕಂಪನಿ ಹೆಸರಿಲ್ಲ. ಸಮಾಧಾನಕ್ಕೆ ಹೇಳ್ತಿಲ್ಲ ಇದನ್ನ, ನನಗಿದು ಹೆಚ್ಚು ಉರಿಯುತ್ತೆ.

ಅದೇ ಅತ್ತೆ ಸಂತೆಗೆ ಹೋದರೆ ನೋಡಬೇಕು. ಇಪೋದಲ್ಲಿ ಚೀನೀಯರು ಮಾತಾಡೋದು ಕ್ಯಾಂಟನೀಸ್. ಅತ್ತೆ ಶಾಲೆಗೆ ಹೋಗಿದ್ದು ಆರನೇ ಕ್ಲಾಸಿನವರೆಗೆ, ಮೀನಿನ ಅಂಗಡಿಯವಳ ಜೊತೆ ಕ್ಯಾಂಟನೀಸ್‌ನಲ್ಲಿ ಜಗಳ ಆಡಿ ಬೆಲೆ ಇಳಿಸ್ತಾರೆ. ಇಳಿಸಿದ ಮೇಲೆ ಇಬ್ಬರೂ ಸೇರಿ ಸೊಸೆಯಂದಿರನ್ನ ಬೈತಾರೆ. ನಾನು ಪಕ್ಕದಲ್ಲಿ ನಿಂತಿರ್ತೀನಿ, ಅರ್ಥ ಆಗಲ್ಲ ಅಂದ್ಕೊಂಡಿದ್ದಾರೆ. ಈಗ ಆಗುತ್ತೆ.

ನಲವತ್ತು ವರ್ಷದ ಸ್ನೇಹ ಅದು. ಅವಳ ಮನೆ ಒಳಗೆ ಅತ್ತೆ ಎಷ್ಟು ಸಲ ಹೋಗಿದ್ದಾರೆ ಅಂತ ಒಮ್ಮೆ ಕೇಳಿದೆ. ಚೀನೀ ಹೊಸ ವರ್ಷಕ್ಕೆ, ಅಂದರು. ಅವಳು ನಮ್ಮನೆಗೆ? ದೀಪಾವಳಿಗೆ, ಅಂದರು. ಓಪನ್ ಹೌಸ್ ದಿನ ಬಾಗಿಲು ತೆರೆದಿರುತ್ತೆ, ಯಾರು ಬೇಕಾದರೂ ಬರಬಹುದು, ಮುರುಕು ತಿನ್ನಬಹುದು. ಉಳಿದ ದಿನ ಬೇಲಿಯ ಆಚೆ ಈಚೆ ನಿಂತೇ ಮಾತು. ಹೊಸಬರು ಕೇಳಿದ ಪ್ರಶ್ನೆಗೆ ನನಗೆ ತೋಚಿದ್ದು ಇಷ್ಟು: ಇಲ್ಲಿನ ಜನ ಹೊರಗೆ ಒಟ್ಟಿಗೆ ತಿಂತಾರೆ, ಒಳಗೆ ಬೇರೆ ಬೇರೆ ಬೇಯಿಸ್ತಾರೆ. ಬಾಡಿಗೆ ಅಂದರೆ ಒಳಗಿನ ಅಡುಗೆಮನೆ ಕೊಡೋ ವಿಷಯ. ಜಗಳ ಇರೋದೇ ಅಲ್ಲಿ.

ಧಾರವಾಡ_ಪೇಡಾ

ಅಕ್ಕಾರ, ಸೊಸಿಯರನ್ನ ಬೈಯೂದು ಅರ್ಥ ಆಗ್ತೈತಿ ಅಂತ ಅತ್ತಿಗೆ ಯಾವಾಗ ಹೇಳಾವರು?

ಇಪೋ_ಸೊಸೆ

ಹೇಳಲ್ಲ. ಮಾಹಿತಿ ಬರೋದು ನಿಂತೋಗುತ್ತೆ.

ಸರವಾಕ್_ಮಳೆ

ಬೋರ್ನಿಯೊ ದ್ವೀಪದಲ್ಲಿರುವ ಸರವಾಕ್ ರಾಜ್ಯದ ಮಿರಿಯಿಂದ ಬರೆಯುತ್ತಿದ್ದೇನೆ, ತೈಲದ ಕೆಲಸ. ನೀವೆಲ್ಲ ಹೇಳುತ್ತಿರುವುದು ಪರ್ಯಾಯ ದ್ವೀಪದ ಮಲೇಷ್ಯಾ. ಸಮುದ್ರ ದಾಟಿ ಈಚೆ ಬಂದರೆ ಲೆಕ್ಕವೇ ಬೇರೆ. ಇಲ್ಲಿ ಇಬಾನ್, ಬಿದಾಯುಹ್, ಮೆಲನೌ, ಒರಾಂಗ್ ಉಲು, ಆಚೆ ಸಬಾದಲ್ಲಿ ಕಡಜಾನ್-ದುಸುನ್, ಬಜಾವ್. ಸರ್ಕಾರಿ ಫಾರ್ಮಿನಲ್ಲಿ ಇಷ್ಟೂ ಜನ ಬಹಳ ಕಾಲ "ದಾನ್ ಲೈನ್-ಲೈನ್", ಅಂದರೆ "ಮತ್ತು ಇತರರು". ತಮ್ಮ ನಾಡಿನಲ್ಲೇ ಇತರರು! ಇದನ್ನು ಹೇಳಿ ನಗುತ್ತಾರೆ, ನಗು ಅಷ್ಟೇನೂ ಸಿಹಿಯಾಗಿರುವುದಿಲ್ಲ. ಪರ್ಯಾಯ ದ್ವೀಪದವರು ಸ್ವಾತಂತ್ರ್ಯ ಬಂದ ದಿನ ಅಂತ ಆಗಸ್ಟ್ 31ರಂದು ಬಾವುಟ ಹಾರಿಸಿದರೆ, ಇಲ್ಲಿಯವರು ನಮಗೆ ಮುಖ್ಯ ಸೆಪ್ಟೆಂಬರ್ 16 ಅನ್ನುತ್ತಾರೆ. 1963ರ ಆ ದಿನವೇ ಮಲೇಷ್ಯಾ ಹುಟ್ಟಿದ್ದು. ಅದಕ್ಕಿಂತ ಮುಂಚೆ ಇದ್ದದ್ದು ಮಲಾಯಾ.

ಅಂದಹಾಗೆ ದೀಪಾವಳಿಗೆ ದೇಶಕ್ಕೆಲ್ಲ ರಜೆ, ಸರವಾಕ್‌ನಲ್ಲಿ ಮಾತ್ರ ಇಲ್ಲ. ಬದಲಿಗೆ ಜೂನ್ 1 ಮತ್ತು 2 ಗವಾಯಿ, ಸುಗ್ಗಿ ಹಬ್ಬ. ಒಂದೇ ಸೂರಿನಡಿ ಹಲವು ಕುಟುಂಬ ಇರುವ ಉದ್ದನೆ ಮನೆಗೆ ಕರೆದರೆ ಹೋಗಿ. ತುಅಕ್ ಅಂತ ಅಕ್ಕಿಯ ಹೆಂಡ ಕೊಡುತ್ತಾರೆ, ಮೊದಲ ಗುಟುಕು ಶರಬತ್ತಿನ ಹಾಗಿರುತ್ತದೆ. ಮೋಸ ಹೋಗಬೇಡಿ.

ಇಪೋ ಅಕ್ಕನವರ ಅಡುಗೆಮನೆ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿನ ಹಳೆಯ ಕಾಫಿ ಅಂಗಡಿಗಳಲ್ಲಿ ಚೀನೀಯ ಹಂದಿಮಾಂಸದ ನೂಡಲ್ಸ್ ಮಾರುತ್ತಿರುತ್ತಾನೆ, ಅದೇ ಸೂರಿನಡಿ ಮಲಯ್ ಹೆಂಗಸು ಲಕ್ಸಾ ಮಾರುತ್ತಿರುತ್ತಾಳೆ. ತಟ್ಟೆ ಬೇರೆ, ಚಮಚ ಬೇರೆ, ಮೇಜು ಒಂದೇ. ಕೆಎಲ್‌ನ ನನ್ನ ಮಲಯ್ ಸಹೋದ್ಯೋಗಿ ಇದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಇಲ್ಲಿನ ಮಲಯ್ ಹುಡುಗ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಕ್ಲಾಂಗ್_ಕಣಿವೆ

ಹೊಸಬರಿಗೆ ಈಗ ಕೆಲಸದ ಮಾತು. ಏಜೆಂಟ್‌ಗೆ ಮೊದಲ ಮೆಸೇಜಲ್ಲೇ ಎಲ್ಲ ಬರೆದುಬಿಡಿ: ಗಂಡ, ಹೆಂಡತಿ, ಒಂದು ಮಗು, ಎಂಪ್ಲಾಯ್‌ಮೆಂಟ್ ಪಾಸ್ (ಕೆಲಸದ ವೀಸಾ), ಎರಡು ವರ್ಷ ಇರ್ತೀವಿ. ರೇಸ್ ಕೇಳೋಕೆ ಮುಂಚೆ ನೀವೇ ಹೇಳಿ, ಇಬ್ಬರ ಸಮಯವೂ ಉಳಿಯುತ್ತೆ. ಓನರ್‌ಗಳಿಗೆ ನಿಜವಾದ ಭಯ ಎರಡು. ಮೂರು ಜನ ಅಂತ ಹೇಳಿ ಹನ್ನೆರಡು ಜನ ಸೇರೋದು, ಇನ್ನೊಂದು ಒಗ್ಗರಣೆ ವಾಸನೆ. ಹಿಂದುಗಡೆ ವೆಟ್ ಕಿಚನ್, ಅಂದ್ರೆ ಘಾಟಿನ ಅಡುಗೆಗೆ ಅಂತಲೇ ಗಾಳಿಯಾಡೋ ಇನ್ನೊಂದು ಅಡುಗೆಮನೆ, ಇರೋ ಮನೆ ಹುಡುಕಿ, ಎರಡನೇದು ಅರ್ಧ ಬಗೆಹರಿಯುತ್ತೆ. ಮಲಯ್ ಓನರ್ ಆದ್ರೆ ಹಂದಿಮಾಂಸ ತರಬೇಡಿ ಅಂತಾರೆ, ಅದು ನ್ಯಾಯವಾದ ಮಾತು.

ದುಡ್ಡಿನ ಲೆಕ್ಕ: ಎರಡು ತಿಂಗಳ ಬಾಡಿಗೆ ಡೆಪಾಸಿಟ್, ಅರ್ಧ ತಿಂಗಳದ್ದು ಕರೆಂಟು-ನೀರಿಗೆ, ಮೊದಲ ತಿಂಗಳದ್ದು ಮುಂಗಡ. ಒಟ್ಟು ಮೂರೂವರೆ ತಿಂಗಳದ್ದು ಕೈಲಿರಲಿ. ಅಗ್ರಿಮೆಂಟ್‌ಗೆ ಸ್ಟ್ಯಾಂಪ್ ಆಗಲೇಬೇಕು, ಇಲ್ಲದಿದ್ರೆ ನಾಳೆ ಜಗಳ ಆದರೆ ಕೋರ್ಟಿನಲ್ಲಿ ನಿಲ್ಲಲ್ಲ.

ನೇರ_ಮಾತು

"ನೀವೇ ಮೊದಲು ಹೇಳಿಬಿಡಿ" ಅನ್ನೋದು ಉಪಯೋಗಕ್ಕೆ ಬರೋ ಸಲಹೆ, ಇಲ್ಲ ಅನ್ನಲ್ಲ. ಹೀಗೇ ಎಲ್ಲರೂ ಒಗ್ಗಿಕೊಂಡು ಅದು ಉಳಿದಿರೋದು ಅಂತಲೂ ಹೇಳಿಬಿಡ್ತೀನಿ.

ಕ್ಲಾಂಗ್_ಕಣಿವೆ

ಹೌದು. ತಿಂಗಳ ಕೊನೆಗೆ ಅವರಿಗೆ ಮನೆ ಬೇಕಲ್ಲ ಸಾರ್.

ಹೊಸಬ_ಕೆಎಲ್

ಒಂಬತ್ತು ದಿನ ಆದ ಮೇಲೆ ಬರೀತಿದ್ದೀನಿ. ಮನೆ ಸಿಕ್ಕಿತು! ಪಿಜೆಯಲ್ಲಿ (ಕೆಎಲ್ ಪಕ್ಕದ ಪೆಟಾಲಿಂಗ್ ಜಯಾ), ಹಳೇ ಸಾಲುಮನೆ, ಎಲ್‌ಆರ್‌ಟಿ ಅನ್ನೋ ಮೆಟ್ರೋ ಥರದ ರೈಲಿನ ಸ್ಟೇಷನ್‌ಗೆ ಹನ್ನೆರಡು ನಿಮಿಷ ನಡಿಗೆ.

ಓನರ್ ಚೀನೀ ಆಂಟಿ, ಎಪ್ಪತ್ತು ದಾಟಿರಬಹುದು. ಏಜೆಂಟ್ ನನ್ನ ಮೆಸೇಜ್ ಓದಿ ಹೇಳಿದ್ದನಂತೆ, ಆದ್ರೂ ಮುಖ ನೋಡಬೇಕು ಅಂದರು. ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ, ಅದನ್ನ ಗಮನಿಸಿದರು. ಕಂಪನಿ ಪತ್ರ ಕೊಟ್ಟೆ, ಓದದೆ ಮಡಚಿ ಬ್ಯಾಗಿಗೆ ಹಾಕ್ಕೊಂಡರು. "ಮನೇಲಿ ಅಡುಗೆ ಮಾಡ್ತೀರಾ?" ಅಂದರು. ಸುಳ್ಳು ಹೇಳೋಣ ಅನ್ನಿಸಿತು. ದಿನಾ ಮಾಡ್ತೀವಿ ಆಂಟಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಎಲ್ಲ ಹಾಕ್ತೀವಿ ಅಂದೆ. ಅವರು ಸೀದಾ ಹಿಂದೆ ಕರ್ಕೊಂಡು ಹೋಗಿ ವೆಟ್ ಕಿಚನ್ ತೋರಿಸಿದರು. ಅರ್ಧ ಗೋಡೆ, ಮೇಲೆ ಜಾಲರಿ, ಗಾಳಿ ಚೆನ್ನಾಗಿ ಆಡುತ್ತೆ. "ನಾನು ಇಲ್ಲಿ ಮೂವತ್ತು ವರ್ಷ ಬೆಲಾಚನ್ ಹುರಿದಿದ್ದೀನಿ. ಪಕ್ಕದ ಮನೆ ಮಲಯ್, ಆ ಕಡೆ ಮನೆ ತಮಿಳು, ಯಾರೂ ಸತ್ತಿಲ್ಲ. ಮುಂದಿನ ಅಡುಗೆಮನೇಲಿ ನೀರು ಕಾಯಿಸು, ಬೇರೆ ಎಲ್ಲ ಇಲ್ಲಿ." ಬೆಲಾಚನ್ ಏನು ಅಂತ ಗೊತ್ತಿರಲಿಲ್ಲ, ಆಮೇಲೆ ನೋಡಿದೆ. ಸೀಗಡಿ ಅರೆದು ಒಣಗಿಸಿದ ಮುದ್ದೆ. ಮೂಸಿ ನೋಡಿದ ಮೇಲೆ ಇಂಗಿನ ಬಗ್ಗೆ ಇದ್ದ ಸಂಕೋಚವೆಲ್ಲ ಹೋಯ್ತು.

ಹೊರಡುವಾಗ ಇಬ್ಬರು ಒಟ್ಟಿಗೆ ಸಹಿ ಮಾಡೋಣ ಅಂದೆ. ಆಂಟಿ ಏಜೆಂಟ್ ಕಡೆ ತಿರುಗಿ ಏನೋ ಹೇಳಿದರು, ಅವನು ನಕ್ಕ. ಏನಂದ್ರು ಅಂದೆ. "ಹಿಂದಿನ ಬಾಡಿಗೆಯವನು ಚೈನೀಸೇ, ಎರಡು ತಿಂಗಳು ಬಾಕಿ ಇಟ್ಟು ಓಡಿಹೋದ ಅಂತಿದ್ದಾರೆ" ಅಂದ.

ಒಂದು ಪ್ರಶ್ನೆ ಉಳಿದಿದೆ. ಸ್ಟ್ಯಾಂಪ್ ಡ್ಯೂಟಿ ನಾನು ಕಟ್ಟಬೇಕಾ, ಓನರ್ರಾ?

ಕ್ಲಾಂಗ್_ಕಣಿವೆ

ರೂಢಿಯಲ್ಲಿ ಬಾಡಿಗೆದಾರನೇ. ಎಲ್‌ಎಚ್‌ಡಿಎನ್, ಅಂದ್ರೆ ಇಲ್ಲಿನ ಇನ್‌ಕಮ್ ಟ್ಯಾಕ್ಸ್‌ನವರ ಹತ್ತಿರ ಆನ್‌ಲೈನಲ್ಲೇ ಆಗುತ್ತೆ. ಬೀಗದ ಕೈ ತಗೊಳ್ಳೋ ದಿನ ಎಲ್ಲ ಗೋಡೆ, ಎಸಿ, ನಲ್ಲಿ ಫೋಟೋ ತೆಗೆದು ಆಂಟಿಗೂ ಕಳಿಸಿ.

ಇಪೋ_ಸೊಸೆ

ಹಿಂದಿನ ಅಂಗಳದಲ್ಲಿ ಕರಿಬೇವಿನ ಗಿಡ ಇದೆಯಾ ನೋಡಿ. ಇಲ್ಲದಿದ್ದರೆ ಆ ಕಡೆ ತಮಿಳು ಮನೆಯಲ್ಲಿ ಕೇಳಿ, ಇದ್ದೇ ಇರುತ್ತೆ.